ಒದ್ದೆ ಬಟ್ಟೆಗೊಂದು ಕರಾರು

ನಮ್ಮ ಹಟ್ಟಿಯಲ್ಲಿ ಮಳೆಗಾಲಕ್ಕೆ ಬಟ್ಟೆ ಒಣಗುವುದಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಮದುವೆಯಾಗಿ ಇಲ್ಲಿಗೆ ಬಂದು ಇಷ್ಟು ವರ್ಷವಾದ ಮೇಲೆ ಮಳೆಯನ್ನು ದೂರುತ್ತ ಕೂತರೆ ನನಗೇ ನಾಚಿಕೆ. ನೀಲಗಿರಿಯ ಮಂಜೂರಿನಲ್ಲಿ ಬಸ್ಸಿಳಿದು ಟೀ ತೋಟಗಳ ನಡುವೆ ಇಳಿಜಾರಿನಲ್ಲಿ ನಡೆದರೆ ನಮ್ಮ ಮನೆಗಳು ಸಿಗುತ್ತವೆ, ಮಂಜು ಬಿಟ್ಟುಕೊಟ್ಟರೆ. ಆಷಾಢದಲ್ಲಿ ತಂತಿಗೆ ಹಾಕಿದ ಲಂಗವನ್ನು ಶ್ರಾವಣದಲ್ಲಿ ತೆಗೆದರೂ ಹಾಕಿದ ದಿನ ಎಷ್ಟು ಒದ್ದೆಯೋ ಅಷ್ಟೇ ಒದ್ದೆ. ವಾಸನೆ ಮಾತ್ರ ಬೇರೆ.

ಆದ್ದರಿಂದ ನಮ್ಮ ಹೆಂಗಸರು ಬಟ್ಟೆಯನ್ನು ಫ್ಯಾಕ್ಟರಿಯಲ್ಲಿ ಒಣಗಿಸುತ್ತಾರೆ. ಹಟ್ಟಿಯ ಕೆಳಗೆ ಸಣ್ಣ ಬೆಳೆಗಾರರೆಲ್ಲ ಸೇರಿ ನಡೆಸುವ ಟೀ ಫ್ಯಾಕ್ಟರಿ ಇದೆ. ಅಲ್ಲಿ ಟೀ ಒಣಗಿಸುವ ಡ್ರೈಯರಿಗೆ ಬಿಸಿಗಾಳಿ ಕೊಡುವ ದೊಡ್ಡ ಸೌದೆ ಒಲೆ, ಒಲೆಯ ಹಿಂದೆ ಒಂದು ಕೋಣೆ, ಆ ಕೋಣೆಯ ನಡುವೆ ಹಾದುಹೋಗುವ ಬಿಸಿಗಾಳಿಯ ಕೊಳವೆ. ಒಂದು ಕಾಲಕ್ಕೆ ಅದು ಸೌದೆಯ ಕೋಣೆಯಾಗಿತ್ತಂತೆ. ಯಾರೋ ಪುಣ್ಯಾತ್ಮರು ಅಲ್ಲೊಂದು ತಂತಿ ಕಟ್ಟಿದರು, ಮತ್ತೊಬ್ಬರು ಇನ್ನೊಂದು ಕಟ್ಟಿದರು, ಸೌದೆಗೆ ಹೊರಗೆ ಶೆಡ್ಡು ಹಾಕಬೇಕಾಯಿತು. ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ಕಡೆಗೆ ಟೀ ಬರುವುದಿಲ್ಲ, ಟೀ ಇರುವ ಕಡೆಗೆ ನಮ್ಮ ಬಟ್ಟೆ ಹೋಗುವುದಿಲ್ಲ. ನೀವು ಕುಡಿದ ಟೀಯಲ್ಲಿ ಸೋಪಿನ ವಾಸನೆ ಬಂದಿದ್ದರೆ ಅದು ಬೇರೆ ಫ್ಯಾಕ್ಟರಿಯದು.

ಈ ಬೆಚ್ಚನೆ ಕೋಣೆಗೆ ಒಡತಿ ನನ್ನ ಅತ್ತೆ. ನಮ್ಮ ಬಡಗ ಮಾತಿನಲ್ಲಿ ಅತ್ತೆಯನ್ನು ಮಾಮಿ ಎನ್ನುತ್ತೇವೆ. ಯಾರೂ ಅವರನ್ನು ನೇಮಿಸಲಿಲ್ಲ, ತೆಗೆದುಹಾಕುವ ಧೈರ್ಯವೂ ಯಾರಿಗೂ ಇರಲಿಲ್ಲ. ಕೊಳವೆಯ ಪಕ್ಕ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು ಕೂತು, ಯಾರ ಬಟ್ಟೆ ಎಲ್ಲಿ ಅಂತ ತೀರ್ಪು ಕೊಡುತ್ತಿದ್ದರು. ಕೂಸುಗಳ ಬಟ್ಟೆ ಕೊಳವೆಯ ಹತ್ತಿರ. ಆಮೇಲೆ ಸ್ಕೂಲಿನ ಯೂನಿಫಾರಂ. ಆಮೇಲೆ ನಮ್ಮ ಹೆಂಗಸರು ಉಡುವ ಬಿಳಿ ಮುಂಡು, ಹೊದೆಯುವ ಬಿಳಿ ತುಂಡು. ಗಂಡಸರ ಪ್ಯಾಂಟುಗಳು ಬಾಗಿಲ ಬಳಿ, ತಣ್ಣನೆ ಗಾಳಿಗೆ. ಯಾಕೆ ಅಂತ ಒಮ್ಮೆ ಕೇಳಿದ್ದೆ. ಪ್ಯಾಂಟು ಒಣಗಿದರೆ ಅವರು ಅದನ್ನು ಹಾಕಿಕೊಂಡು ಊಟಿಗೆ ಹೋಗಿಬಿಡುತ್ತಾರೆ, ಒದ್ದೆ ಇದ್ದರೆ ಎಲೆ ಕೀಳಲು ಬರುತ್ತಾರೆ ಎಂದರು.

ಆ ಸ್ಟೂಲಿನ ಮೇಲೆ ಕೂತ ಮಾಮಿಯನ್ನು ನೋಡಿದವರು ಮನೆಯಲ್ಲಿ ಕೂತ ಮಾಮಿಯನ್ನು ಗುರುತು ಹಿಡಿಯುತ್ತಿರಲಿಲ್ಲ. ಹಳೆಯ ಮನೆಯಲ್ಲಿ ಸೌದೆ ಒಲೆ ಇತ್ತು. ಅದನ್ನು ಕೆಡವಿ ನಾವು ಕಾಂಕ್ರೀಟು ಮನೆ ಕಟ್ಟಿದೆವು, ಗ್ಯಾಸು ತಂದೆವು, ನೆಲಕ್ಕೆ ಟೈಲ್ಸ್ ಹಾಕಿಸಿದೆವು. ಮಾಮಿ ಬೇಡ ಅನ್ನಲಿಲ್ಲ. ಆದರೆ ಮಳೆ ಶುರುವಾದರೆ ಮಂಡಿ ಹಿಡಿದುಕೊಂಡು ಕಿಟಕಿಯ ಹತ್ತಿರ ಕೂತು, "ಎನಗ ಸಾಕು, ಅಮ್ಮಿ. ಇನ್ನು ಏನ ನೋಡೋಕ ಇದ್ದುದು?" ಎನ್ನುತ್ತಿದ್ದರು. ನನ್ನ ನಾಲಿಗೆ ಚುರುಕು ಅಂತ ಹಟ್ಟಿಗೆಲ್ಲ ಗೊತ್ತು. ಆ 'ಸಾಕು' ಎಂಬ ಮಾತು ಕೇಳಿದರೆ ಮಾತ್ರ ಹೆದರಿಕೆಯಾಗುತ್ತಿತ್ತು. ಬೆಚ್ಚನೆ ಕೋಣೆಗೆ ಹೋಗಿ ಬಂದ ದಿನ ಆ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

ಇನ್ನು ಫ್ಯಾಕ್ಟರಿಯ ಸಂಗತಿ. ಒಲೆ ಒಳಗಿನ ಟೀಗಿಂತ ಹೊರಗಿನ ಮಂಜಿಗೇ ಹೆಚ್ಚು ಬಿಸಿ ಕೊಡುತ್ತಿತ್ತು. ಎಲೆ ಬಾಡಿಸುವ ತೊಟ್ಟಿಗಳ ಫ್ಯಾನುಗಳು ನಾನು ಹುಟ್ಟುವ ಮೊದಲೇ ತಿರುಗಲು ಶುರುಮಾಡಿದ್ದವು. ಕರೆಂಟಿನ ಬಿಲ್ಲೂ ಸೌದೆಯ ಬಿಲ್ಲೂ ತಿಂದು ಮಿಕ್ಕಿದ್ದರಲ್ಲಿ ನಮ್ಮ ಎಲೆಗೆ ಬೆಲೆ ಕೊಡಬೇಕು. ಹೀಗೇ ಇನ್ನೊಂದೆರಡು ವರ್ಷ ನಡೆದರೆ ಬಾಗಿಲಿಗೆ ಬೀಗ ಎಂದು ಅಧ್ಯಕ್ಷರೇ ಹೇಳುತ್ತಿದ್ದರು. ಅಧ್ಯಕ್ಷರೆಂದರೆ ನನ್ನ ಗಂಡನ ಅಣ್ಣ, ನನಗೆ ಬಾವ. ಬ್ಯಾಂಕುಗಳು ಬಹಳ ವಿನಯದಿಂದ ಸಾಲ ಇಲ್ಲ ಎಂದಿದ್ದವು. ಅಪ್ಪ ಮೈಸೂರಿನಲ್ಲಿದ್ದುದರಿಂದ ನಾನು ಓದಿದ್ದು ಅಲ್ಲಿ, ಕೆಲಸ ಮಾಡಿದ್ದೂ ಅಲ್ಲಿನ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿ. ಆ ವಿನಯದ ಅರ್ಥ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಕಮಿಟಿಯವರು ನನ್ನನ್ನು ಸೇರಿಸಿಕೊಂಡಿದ್ದು. ಕಾಗದ ಓದುವ ಕೆಲಸ ನನ್ನದು, ಓದಿದ್ದನ್ನು ಕೇಳದೆ ಇರುವ ಕೆಲಸ ಅವರದು.

ಅಂಥ ಹೊತ್ತಿನಲ್ಲಿ ಕೊಯಮತ್ತೂರಿನ ಒಂದು ಕಂಪನಿಯಿಂದ ಎಂಜಿನಿಯರ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಎರಡು ಸ್ವೆಟರು, ಕಿವಿ ಮುಚ್ಚುವ ಟೋಪಿ. ಮಾತೆಲ್ಲ ತಮಿಳು. ಅವರು ಹೇಳಿದ್ದು ಕೇಳಿ ಕಮಿಟಿಯವರಿಗೆ ಕನಸೋ ನನಸೋ ತಿಳಿಯಲಿಲ್ಲ. ದುಡ್ಡು ನೀವು ಹಾಕಬೇಡಿ, ಫ್ಯಾಕ್ಟರಿಯೂ ಅಲ್ಲದ ನಾವೂ ಅಲ್ಲದ ಮೂರನೆಯವರು ಹಾಕುತ್ತಾರೆ. ಹೊಸ ಒಲೆ, ಹೊಸ ಫ್ಯಾನು, ತಗಡಿನ ಮೇಲೆ ಸೋಲಾರ್ ಹಲಗೆ ಎಲ್ಲ ಬರುತ್ತದೆ. ಸೌದೆಯಲ್ಲಿ, ಕರೆಂಟಿನಲ್ಲಿ ಏನು ಉಳಿಯುತ್ತದೋ ಅದರಿಂದಲೇ ತೀರಿಸುತ್ತ ಹೋಗಿ. ಕರಾರು ಮೂರು ಥರ, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ದಪ್ಪ ದಪ್ಪ ಮೂರು ಇಂಗ್ಲಿಷ್ ಕಟ್ಟುಗಳನ್ನು ನನ್ನ ಕೈಗಿಟ್ಟರು.

ಹಟ್ಟಿಯ ನಡುವೆ ಹಿರಿಯರು ಕೂರುವ ಸುತ್ತುಕಲ್ಲಿದೆ. ಅಲ್ಲಿ ಕೂಟ ಸೇರಿತು. ಮೂರು ಕರಾರನ್ನೂ ವಿವರಿಸು ಎಂದು ನನ್ನನ್ನು ನಿಲ್ಲಿಸಿದರು. ಲಾಭಾಂಶ, ಖಾತರಿ, ಪೂರೈಕೆ ಅಂತ ಶುರುಮಾಡಿದೆ. ಮೊದಲ ಸಾಲಿನವರು ಆಕಳಿಸಿದರು, ಹಿಂದಿನ ಸಾಲಿನವರು ಫೋನು ತೆಗೆದರು. ಕೋಪ ಬಂತು. ಕಾಗದ ಕೆಳಗಿಟ್ಟು, "ಎಮ್ಮೆ ಅಂತ ಇಟ್ಟುಕೊಳ್ಳಿ" ಎಂದೆ.

ಎಲ್ಲರೂ ನೆಟ್ಟಗೆ ಕೂತರು. ನಮ್ಮವರು ಎಮ್ಮೆ ಮಾರಿ ಟೀ ನೆಟ್ಟು ಬಹಳ ಕಾಲವಾಯಿತು, ಆದರೂ ಎಮ್ಮೆ ಅಂದರೆ ಕಿವಿ ನಿಮಿರುತ್ತದೆ. "ಮೊದಲನೆಯದು ಪಾಲಿನ ಕರಾರು. ಅವರು ಒಳ್ಳೆ ಎಮ್ಮೆ ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಹೆಚ್ಚಿಗೆ ಬಂದ ಹಾಲಿನಲ್ಲಿ ಅವರಿಗಿಷ್ಟು, ನಮಗಿಷ್ಟು. ಎರಡನೆಯದು ಖಾತರಿ. ಎಮ್ಮೆ ನಮ್ಮದೇ, ಅದಕ್ಕೆ ಮೂರನೆಯವರಿಂದ ತಂದ ಸಾಲವೂ ನಮ್ಮದೇ. ಆದರೆ ಇಷ್ಟು ಹಾಲು ಬಂದೇ ಬರುತ್ತದೆ ಅಂತ ಕಂಪನಿ ಮಾತು ಕೊಡುತ್ತದೆ. ಕಡಿಮೆಯಾದರೆ ತನ್ನ ಕೈಯಿಂದ ತುಂಬಿಕೊಡುತ್ತದೆ. ಮೂರನೆಯದರಲ್ಲಿ ನಮಗೆ ಎಮ್ಮೆಯ ಉಸಾಬರಿಯೇ ಬೇಡ. ಅವರದೇ ಎಮ್ಮೆ, ಅವರೇ ಮೇಯಿಸುತ್ತಾರೆ, ನಾವು ಅಳೆದು ಹಾಲು ಕೊಂಡುಕೊಳ್ಳುವುದು. ಅಂದರೆ ಒಲೆ ಅವರದು, ನಾವು ಬಿಸಿ ಕೊಂಡುಕೊಳ್ಳುವುದು."

ನನ್ನ ಬುದ್ಧಿಗೆ ನಾನೇ ಮೆಚ್ಚಿ ಕೂತುಕೊಳ್ಳಬೇಕು, ಅಷ್ಟರಲ್ಲಿ ಹಿರಿಯರೊಬ್ಬರು ಕೇಳಿದರು, "ಕರು ಯಾರಿಗ?"

ಕರು ಅಂದರೆ ಕರಾರು ಮುಗಿದ ಮೇಲೆ ಯಂತ್ರ ಯಾರಿಗೆ ಅಂತ ಅರ್ಥ ಮಾಡಿಕೊಂಡು, ಖಾತರಿಯಲ್ಲಾದರೆ ನಮಗೇ ಎಂದೆ. ಅವರು ಯಂತ್ರದ ಮಾತು ಬಿಟ್ಟೇ ಬಿಟ್ಟಿದ್ದರು. ಎಮ್ಮೆ ಗೊಡ್ಡಾದರೆ ಏನು? ಮೇಯಲು ಹೋದಾಗ ಹುಲಿ ಹಿಡಿದರೆ ಯಾರ ಲೆಕ್ಕ? ಮತ್ತೊಬ್ಬರು, "ಗೊಬ್ಬರ?" ಎಂದರು. ಅಲ್ಲಿಗೆ ಕೂಟ ಎರಡು ಪಕ್ಷವಾಯಿತು. ಎಮ್ಮೆಯ ಒಡೆಯನಿಗೆ ಗೊಬ್ಬರ ಎಂದು ಕೆಲವರು, ಯಾರ ಕೊಟ್ಟಿಗೆಯಲ್ಲಿ ಕಟ್ಟಿದೆಯೋ ಅವರಿಗೆ ಎಂದು ಕೆಲವರು. ಪಕ್ಕದಲ್ಲಿ ಕೂತಿದ್ದ ಎಂಜಿನಿಯರಮ್ಮ ನನ್ನ ಕಿವಿಯಲ್ಲಿ, ಏನು ವಿಷಯ, ಬಡ್ಡಿಯ ದರವಾ ಎಂದರು. ಗೊಬ್ಬರ ಎಂದೆ. ಅವರು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡರು. ಕೊನೆಗೆ, ಕೊಟ್ಟಿಗೆಯಲ್ಲಿ ಬಿದ್ದದ್ದು ಕೊಟ್ಟಿಗೆಯವರದೇ ಎಂದು ತೀರ್ಮಾನವಾಯಿತು. ಯಾವ ಕರಾರಿನಲ್ಲೂ ಗೊಬ್ಬರದ ಸುದ್ದಿ ಇರಲಿಲ್ಲ ಎನ್ನುವುದು ಬೇರೆ ಮಾತು.

ಆರಿಸಿದ್ದು ಖಾತರಿ ಕರಾರನ್ನು. ಬಡ್ಡಿ, ಅವಧಿ, ಅಪಾಯ ಯಾವುದನ್ನೂ ತೂಗಿ ನೋಡಿ ಅಲ್ಲ. ಮಾತು ಕೊಡುತ್ತಾರಂತೆ ಎನ್ನುವುದು ಹಿರಿಯರಿಗೆ ಹಿಡಿಸಿತು. "ಮಾತು ಕೊಟ್ಟವಕ ಮನುಸರು", ಮಾತು ಕೊಟ್ಟವರೇ ಮನುಷ್ಯರು, ಎಂದು ಬಾವ ಎದ್ದು ನಿಂತರು, ಎಲ್ಲರೂ ಎದ್ದರು, ಮುಗಿಯಿತು.

ಖಾತರಿ ಕೊಡಬೇಕಾದರೆ ಮೊದಲು ಈಗ ಎಷ್ಟು ಸೌದೆ ಸುಡುತ್ತದೆ, ಎಷ್ಟು ಕರೆಂಟು ಹೋಗುತ್ತದೆ ಎಂದು ಅಳೆಯಬೇಕು. ಆ ಅಳತೆಯ ಮೇಲೆಯೇ ಮುಂದಿನ ಉಳಿತಾಯದ ಲೆಕ್ಕವೆಲ್ಲ. ಅಳೆಯುವ ವಾರಗಳಲ್ಲಿ ನಾನು ಊರಿನಲ್ಲಿರಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಹೋಗಿದ್ದೆ. ತಿರುಗಿ ಬಂದು ಬಾಗಿಲು ತೆಗೆದರೆ ಮುಖಕ್ಕೆ ಒದ್ದೆ ತುಂಡು ಬಡಿಯಿತು. ನಡುಮನೆಯಲ್ಲಿ ತಂತಿ, ಅಡುಗೆಮನೆಯಲ್ಲಿ ತಂತಿ, ಟೀವಿಯ ಮೇಲೆ ನನ್ನ ಗಂಡನ ಬನಿಯನ್ನು. ಪಕ್ಕದ ಮನೆಯಲ್ಲೂ ಹಾಗೇ, ಅದರ ಪಕ್ಕದಲ್ಲೂ ಹಾಗೇ.

"ಕೋಣೆಗೆ ಏನಾಯಿತು ಮಾಮಿ?" ಎಂದು ಕೇಳಿದೆ.

"ಏನೂ ಆಗಿಲ್ಲೆ. ಮುಚ್ಚಿಬುಟ್ಟೆ" ಎಂದರು ಹೆಮ್ಮೆಯಿಂದ. "ಅವಕ ಅಳತೆ ನೋಡೋಕ ಬಂದಾರ ಅಲ್ಲವಾ? ಹೆಣ್ಣು ನೋಡೋಕ ಬರುವಾಗ ಮನೆ ಗುಡಿಸದೆ ಇಪ್ಪರಾ?"

ನಡೆದದ್ದು ಇಷ್ಟು. ಪರದೇಶದವರು ಬಂದು ನಮ್ಮ ಫ್ಯಾಕ್ಟರಿಯನ್ನು ನೋಡುತ್ತಾರೆ, ಇಡೀ ಹಟ್ಟಿಯ ಮರ್ಯಾದೆಯ ಪ್ರಶ್ನೆ ಎಂದು ಮಾಮಿ ಅಪ್ಪಣೆ ಮಾಡಿದ್ದರು. ಬಟ್ಟೆಯೆಲ್ಲ ಹೊರಗೆ ಬಂತು. ಬಾಗಿಲಿನ ಸಂದಿಗೆ ಗೋಣಿಚೀಲ ತುರುಕಿದರು. ಒಲೆಯವನು ಹಸಿ ಸೌದೆ ಮುಟ್ಟದೆ ಅಟ್ಟದಲ್ಲಿ ಒಣಗಿಸಿಟ್ಟಿದ್ದ ಒಳ್ಳೆ ಸೌದೆಯನ್ನೇ ಹಾಕಿದ. ಬಾವ ಆಫೀಸಿನ ದೀಪ ಆರಿಸಿಕೊಂಡು ಕತ್ತಲಲ್ಲೇ ಸಹಿ ಹಾಕುತ್ತಿದ್ದರಂತೆ. ಎಂಜಿನಿಯರಮ್ಮ ಅಳೆದುಕೊಂಡು ಹೋದದ್ದು ನಮ್ಮ ಫ್ಯಾಕ್ಟರಿಯನ್ನಲ್ಲ, ಅದರ ಮದುವೆಯ ಫೋಟೋವನ್ನು.

ನಾನು ಹಣೆ ಚಚ್ಚಿಕೊಂಡು ಬಾವನ ಹತ್ತಿರ ಓಡಿದೆ. ಈಗಿನ ಖರ್ಚನ್ನು ಇರುವುದಕ್ಕಿಂತ ಕಡಿಮೆ ತೋರಿಸಿದರೆ ಆಮೇಲೆ ಉಳಿದದ್ದು ಕಾಣುವುದೇ ಇಲ್ಲ ಎಂದು ಹೇಳಿದೆ, ಎಮ್ಮೆಯ ಲೆಕ್ಕದಲ್ಲೂ ಹೇಳಿದೆ. ಬಾವ ನಕ್ಕುಬಿಟ್ಟರು. ಕಮ್ಮಿ ಸೌದೆಯಲ್ಲಿ ನಡೆಸುತ್ತಾರೆ ಅಂತ ಅವರು ಎಷ್ಟು ಹೊಗಳಿದರು ಗೊತ್ತಾ ಎಂದರು. ಹೊಗಳಿದ ಖುಷಿಯಲ್ಲಿ ಬೆಳಿಗ್ಗೆಯೇ ಕರಾರಿಗೆ ಸಹಿ ಹಾಕಿ ಕಳಿಸಿಯಾಗಿತ್ತು.

ಹೊಸ ಒಲೆ ಬಂತು, ಫ್ಯಾನು ಬಂತು, ಸೋಲಾರ್ ಹಲಗೆಗಳು ಮಂಜಿನಲ್ಲಿ ಮಲಗಿದವು. ಬೆಚ್ಚನೆ ಕೋಣೆಯ ಕೊಳವೆಗೆ ದಪ್ಪ ಬಿಳಿ ಹತ್ತಿಯಂಥದ್ದನ್ನು ಸುತ್ತಿ, ಮೇಲೆ ಹೊಳೆಯುವ ತಗಡು ಹೊದಿಸಿ ಹೋದರು. ಮಾಮಿ ಮೊದಲ ದಿನ ಬಟ್ಟೆಯ ಮೂಟೆ ಹೊತ್ತುಕೊಂಡು ಹೋಗಿ ಕೊಳವೆಯ ಮೇಲೆ ಕೈಯಿಟ್ಟರಂತೆ. ಬಿಸಿ ಇಲ್ಲ. ಕೆನ್ನೆಯಿಟ್ಟು ನೋಡಿದರಂತೆ. ಇಲ್ಲ. ಮನೆಗೆ ಬಂದು ಕಿಟಕಿಯ ಹತ್ತಿರ ಕೂತರು. ಆವತ್ತು ಎರಡು ಸಲ 'ಸಾಕು' ಎಂದರು. ಅವರೆಕಾಳಿನ ಸಾರು, ನಮ್ಮ ಅವರೆ ಉದಕ, ಅಂದರೆ ಮಾಮಿಗೆ ಪ್ರಾಣ, ಸಂಜೆ ಅದನ್ನೂ ಬೇಡ ಎಂದರು. ಆ ಕಂಪನಿ, ಆ ಕರಾರು, ಅದನ್ನು ವಿವರಿಸಿದ ನನ್ನ ಎಮ್ಮೆ, ಎಲ್ಲವನ್ನೂ ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಕೆಲವು ದಿನ ಕಳೆದಿರಬೇಕು. ಮಾಮಿ ಮತ್ತೆ ಹೊರಗೆ ಹೋಗಲು ಶುರುಮಾಡಿದರು. ಬರುವಾಗ ಕೆನ್ನೆ ಕೆಂಪಗೆ, ಕೈಯಲ್ಲಿ ಒಣಗಿದ ಬಟ್ಟೆ, ಬಾಯಲ್ಲಿ ಗುನುಗು. ಅನುಮಾನ ಬಂದು ಹಿಂದೆಯೇ ಹೋಗಿ ನೋಡಿದೆ. ಕೊಳವೆಯ ತಗಡು ಒಂದು ಮೊಳದಷ್ಟು ಬಿಚ್ಚಿತ್ತು. ಒಲೆಯವನಿಗೆ ಬಿಸಿ ಬಿಸಿ ಕರಿದ ತುಪ್ಪದಿಟ್ಟು ತಂದುಕೊಟ್ಟು ಆ ಕೆಲಸ ಮಾಡಿಸಿದ್ದರಂತೆ. ಮುಂದಿನ ವಾರ ನೋಡಿದರೆ ಇನ್ನೊಂದು ಮೊಳ, ಏಕೆಂದರೆ ಇನ್ನೊಬ್ಬಾಕೆಯ ತಂತಿಗೆ ಬಿಸಿ ಮುಟ್ಟುತ್ತಿರಲಿಲ್ಲ. ಆಷಾಢ ಬರುವಷ್ಟರಲ್ಲಿ ಕೊಳವೆ ಈ ತುದಿಯಿಂದ ಆ ತುದಿಯವರೆಗೆ ಬೆತ್ತಲೆ ನಿಂತಿತ್ತು. ಸುತ್ತಿದ್ದ ಬಿಳಿ ಹತ್ತಿಯನ್ನು ಮಾಮಿ ಅಚ್ಚುಕಟ್ಟಾಗಿ ಮಡಿಸಿ ಮೂಲೆಯಲ್ಲಿಟ್ಟಿದ್ದರು. ಇನ್ನೊಬ್ಬರ ಸಾಮಾನು, ಹಾಳಾಗಬಾರದು ಎಂದರು. ಕಮಿಟಿಯವಳಾಗಿ ನಾನೊಂದು ಮಾತು ಆಡಬಹುದಿತ್ತು. ಮಾಮಿ ಹಾಡುತ್ತಿದ್ದರು. ಆಡಲಿಲ್ಲ.

ಒಂದು ದಿನ ಎಂಜಿನಿಯರಮ್ಮ ಹೇಳದೆ ಕೇಳದೆ ಬಂದಿಳಿದರು. ದಾರಿಯಲ್ಲಿ ಜೀಪು ಕೆಟ್ಟು, ಮಳೆಯಲ್ಲಿ ನಡೆದು, ಟೋಪಿಯಿಂದ ಷೂವರೆಗೆ ತೊಯ್ದು ತೊಪ್ಪೆಯಾಗಿದ್ದರು. ಅಂಕಿಗಳು ಸರಿಯಾಗಿಲ್ಲ, ಮಾತು ಕೊಟ್ಟ ಉಳಿತಾಯದಲ್ಲಿ ಅರ್ಧವೂ ಬಂದಿಲ್ಲ, ಬಿಸಿ ಎಲ್ಲೋ ಸೋರುತ್ತಿದೆ ಎಂದರು. ಬಾವ ಅವರನ್ನು ಆಫೀಸಿನಲ್ಲಿ ಕೂರಿಸಿ ಟೀ ಕೊಟ್ಟರು, ಟೀಯ ಮೇಲೆ ಟೀ ಕೊಟ್ಟರು, ಹಟ್ಟಿಯ ಪೂರ್ವೇತಿಹಾಸ ಹೇಳಿದರು. ಆಕೆಯ ಬ್ಯಾಗಿನಲ್ಲಿ ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಒಂದು ಕ್ಯಾಮೆರಾ ಇತ್ತು. ಟೀ ಕುಡಿಯುತ್ತಲೇ ಅದನ್ನು ತೆಗೆದು ಸುಮ್ಮನೆ ಕಿಟಕಿಯಿಂದ ಆಚೆಗೆ ಹಿಡಿದರು. ಮಂಜೆಲ್ಲ ನೀಲಿ. ಒಂದು ಗೋಡೆ ಮಾತ್ರ ಕೆಂಪಗೆ ಉರಿಯುತ್ತಿತ್ತು.

ಬಾವ ನನ್ನ ಮುಖ ನೋಡಿದರು. ನಾನು ಬಾವನ ಮುಖ ನೋಡಿದೆ. ಆಕೆ ಎದ್ದು ಹೋಗಿ ಆ ಗೋಡೆಯ ಬಾಗಿಲು ತಳ್ಳಿದರು.

ಒಳಗೆ ಹಟ್ಟಿಯ ಅಷ್ಟೂ ಬಟ್ಟೆ ತೂಗಾಡುತ್ತಿತ್ತು. ಎಂಜಿನಿಯರಮ್ಮನ ಕಣ್ಣು ಒಂದೊಂದೇ ತಂತಿಯನ್ನು ದಾಟಿಕೊಂಡು ಬಂದು ಬೆತ್ತಲೆ ಕೊಳವೆಯ ಮೇಲೆ ನಿಂತಿತು. ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಅದಕ್ಕೆ ಮೊದಲೇ ಮಾಮಿ ಸ್ಟೂಲಿನಿಂದ ಎದ್ದರು.

"ಅಯ್ಯೋ ಅವ್ವೆ, ಏನ ಇದು, ಹೀಂಗೆ ನೆಂದು ಬಂದಿದ್ದಿ! ಬಾ, ಬಾ. ಆ ಸ್ವೆಟರ ತೆಗೆ ಮೊದಲು."

ಆಕೆಗೆ ಬಡಗ ಮಾತು ಬಾರದು. ಬರಬೇಕಾಗಿಯೂ ಇರಲಿಲ್ಲ. ಮಾಮಿ ಆಗಲೇ ಟೋಪಿ ಕಿತ್ತು, ಸ್ವೆಟರುಗಳನ್ನು ಎಳೆದು, ಕೂಸುಗಳ ಬಟ್ಟೆಯ ಸಾಲಿನಲ್ಲಿ ಹಾಕಿದ್ದರು. ಅದು ಅಲ್ಲಿ ಯಾರಿಗೂ ಸಿಗದ ಮರ್ಯಾದೆ. ಆಮೇಲೆ ಬಿಸಿಯಾಗಿ ಒಣಗಿದ ಒಂದು ತುಂಡನ್ನು ಹೊದಿಸಿ, ತಮ್ಮದೇ ಸ್ಟೂಲಿನ ಮೇಲೆ ಕೂರಿಸಿದರು. ಎಂಜಿನಿಯರಮ್ಮ ಹಲ್ಲು ಕಟಕಟಿಸುತ್ತ ಕೊಳವೆಯ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಕಟಕಟ ನಿಂತಿತು. ಬಿಸಿಗೆ ಕೈ ಚಾಚಿದರು, ಆಮೇಲೆ ಆ ಬಿಸಿ ಯಾವುದು ಅಂತ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡರು, ಆಮೇಲೆ ಮತ್ತೆ ಚಾಚಿದರು.

"ಅಜ್ಜಿ, ಈ ಬೆಟ್ಟಕ್ಕೆ ಬರಲು ಶುರುಮಾಡಿದ ಮೇಲೆ ನನಗೆ ಚಳಿ ಬಿಟ್ಟದ್ದು ಇವತ್ತೇ" ಎಂದು ಆಕೆ ತಮಿಳಿನಲ್ಲಿ ಮಾಮಿಗೆ ಹೇಳಿದರು. ತಕ್ಷಣ ನನ್ನತ್ತ ತಿರುಗಿ ಬಹಳ ದುಃಖದಿಂದ, "ಕೊಳವೆಗೆ ಸುತ್ತಿದ್ದನ್ನು ಗಿರಾಕಿ ಬಿಚ್ಚಿದ್ದಾರೆ ಎಂದು ನಾನು ಬರೆದರೆ ಖಾತರಿ ಮುರಿದ ಹಾಗೆ. ಸಾಲವೆಲ್ಲ ನಿಮ್ಮ ತಲೆಗೆ. ಬರೆಯದಿದ್ದರೆ ಕಡಿಮೆ ಬಿದ್ದದ್ದನ್ನು ನನ್ನ ಕಂಪನಿ ತುಂಬಬೇಕು. ಆ ಖಾತರಿಯ ಅಂಕಿ ಹಾಕಿದವಳು ನಾನು. ನೀವೇ ಹೇಳಿ, ಏನು ಮಾಡಲಿ?" ಎಂದರು.

ಸಂಜೆ ಕೂಟ ಸೇರಿತು. ಬಾವನ ವಾದ ಸರಳವಾಗಿತ್ತು: ಅವರು ಮಾತು ಕೊಟ್ಟಿದ್ದಾರೆ, ಕೊಟ್ಟ ಮಾತಿನಂತೆ ತುಂಬಲಿ, ಕೊಳವೆಗೆ ನಾಳೆಯೇ ಹತ್ತಿ ಸುತ್ತಿಬಿಡೋಣ, ಕೋಣೆಗೆ ಬೀಗ ಹಾಕೋಣ, ನಾವು ಏನೂ ಕಂಡಿಲ್ಲ. ಕೆಲವರು ತಲೆಯಾಡಿಸಿದರು. ಎಂಜಿನಿಯರಮ್ಮ ಒಣಗಿದ ಸ್ವೆಟರಿನಲ್ಲಿ ಸುತ್ತುಕಲ್ಲಿನ ತುದಿಯಲ್ಲಿ ಕೂತಿದ್ದರು, ಮಾತು ತಿಳಿಯದೆ. ಕೋಣೆಗೆ ಬೀಗ ಎಂದದ್ದಕ್ಕೆ ಎದ್ದು ಬೈಯಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಮಾಮಿಯ ದನಿ ಬಂತು. ಹೆಂಗಸರು ಕೂಟದಲ್ಲಿ ಮಾತಾಡುವುದು ನಮ್ಮಲ್ಲಿ ಕಡಿಮೆ. ನಾನು ಆಡುವುದನ್ನು ಗಂಡಸರು ಕಾಗದ ಓದುವ ಲೆಕ್ಕಕ್ಕೆ ಹಾಕಿಕೊಂಡಿದ್ದಾರೆ.

"ಮಾತು ಅವಕ ಕೊಟ್ಟರು, ಸರಿ. ಎಂಗ ಏನ ಕೊಟ್ಟೆವು?" ಎಂದರು ಮಾಮಿ, ಅವರು ಮಾತು ಕೊಟ್ಟರು, ನಾವು ಏನು ಕೊಟ್ಟೆವು ಅಂತ. "ಅಳತೆ ನೋಡೋಕ ಬಂದಾಗ ಎಂಗ ಸಿಂಗಾರ ಮಾಡಿ ತೋರಿಸಿದೆವು. ಆಮೇಲೆ ಕೊಳವೆ ಬಿಚ್ಚಿದವಳು ನಾನು. ಈಗ ಇವಳು ಎನ್ನ ಸ್ಟೂಲುಲ ಕೂತು ಚಳಿ ಕಾಯಿಸಿದ್ದಾ. ಮನೆಗ ಬಂದವಳ ಮೇಲೆ ತಪ್ಪು ಹೊರಿಸೋಕ ಎನ್ನಂದ ಆಗೊದಿಲ್ಲೆ. ಕೋಣೆ ಹೋದರೆ ಹೋಗಲಿ."

ಆ ಕೊನೆಯ ಮಾತು ಅವರಿಗೆ ಎಷ್ಟು ಕಷ್ಟದ್ದು ಎಂದು ನನಗೆ ಗೊತ್ತಿತ್ತು. ಕಣ್ಣು ತುಂಬಿತು, ಆ ಸಿಟ್ಟಿಗೆ ಬಾಯಿಯೂ ತೆರೆಯಿತು. "ಕೋಣೆ ಯಾಕೆ ಹೋಗಬೇಕು?" ಎಂದು ಕೂಗಿದೆ. "ಎಮ್ಮೆ ತರುವ ಮೊದಲು ಇದೇ ಕಲ್ಲಿನ ಮೇಲೆ ನೀವೇ ತೀರ್ಪು ಕೊಟ್ಟಿರಲ್ಲ? ಕೊಟ್ಟಿಗೆಯಲ್ಲಿ ಬಿದ್ದ ಗೊಬ್ಬರ ಕೊಟ್ಟಿಗೆಯವರದು ಅಂತ! ಆ ಬಿಸಿ ಏನು ಮತ್ತೆ? ಅದು ಮೊದಲಿನಿಂದಲೂ ಹಟ್ಟಿಯದು. ಕರಾರಿನಲ್ಲಿ ಬರೆಯುವುದನ್ನು ಬಿಟ್ಟಿದ್ದೇವೆ, ಅಷ್ಟೇ. ಈಗ ಬರೆಸೋಣ."

ಗೊಬ್ಬರದ ತೀರ್ಪು ಕೊಟ್ಟಿದ್ದ ಹಿರಿಯರಿಗೆ ತಮ್ಮ ಮಾತು ನೆನಪಿಟ್ಟುಕೊಂಡರಲ್ಲ ಎಂದು ಬಹಳ ಸಂತೋಷವಾಯಿತು. ನಾನು ನಡೆದದ್ದನ್ನೆಲ್ಲ ಎಂಜಿನಿಯರಮ್ಮನಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದೆ, ಗೋಣಿಚೀಲ, ಒಣ ಸೌದೆ, ಬಾವನ ಕತ್ತಲೆ ಆಫೀಸು, ಏನೂ ಮುಚ್ಚದೆ. ಆಕೆ ಬಾವನನ್ನು ನೋಡಿ ನಗಲು ಶುರುಮಾಡಿದರೆ ನಿಲ್ಲಿಸಲು ಆಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಅದಕ್ಕೊಂದು ದಾರಿ ಇದೆ ಎಂದರು. ಅಳತೆಯಲ್ಲಿ ಬಿಟ್ಟುಹೋದ ಕೆಲಸವಿದ್ದರೆ ಎರಡೂ ಕಡೆಯವರು ಒಪ್ಪಿ ಸೇರಿಸಬಹುದು, ಅದು ಕರಾರಿನಲ್ಲೇ ಇದೆ. ಫ್ಯಾಕ್ಟರಿ ಟೀ ಮಾಡುತ್ತದೆ, ಹಟ್ಟಿಯ ಬಟ್ಟೆಯನ್ನೂ ಒಣಗಿಸುತ್ತದೆ ಎಂದು ಬರೆಯೋಣ. "ಆದರೆ ಬಟ್ಟೆಯಿಂದ ಎಷ್ಟು ನೀರು ಆರುತ್ತದೆ ಅಂತ ನನಗೆ ಗೊತ್ತಾಗಬೇಕು. ತೂಗಬೇಕು."

ತೂಗುವುದಕ್ಕೆ ನಮ್ಮಲ್ಲಿ ಇದ್ದದ್ದು ಎಲೆ ತೂಗುವ ತಕ್ಕಡಿ. ಮಾರನೆಯ ಬೆಳಿಗ್ಗೆ ಎಲೆಯ ಶೆಡ್ಡಿನ ಮುಂದೆ ಹೆಂಗಸರ ಸಾಲು, ಎಲೆಯ ಬದಲು ಒದ್ದೆ ಬಟ್ಟೆಯ ಮೂಟೆ. ಇಲ್ಲಿ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಎಲೆ ತಂದರೆ ಗುಮಾಸ್ತ ಅದರಲ್ಲಿ ನೀರಿಗೆಂದು ಒಂದಿಷ್ಟು ತೂಕ ಕಳೆಯುತ್ತಾನೆ. ಅದು ಇವತ್ತಿನ ಜಗಳವಲ್ಲ. ಆ ಸಾಲಿನಲ್ಲಿ ನಿಂತು ಗುಮಾಸ್ತನಿಗೆ ಶಾಪ ಹಾಕದ ಹೆಂಗಸು ಈ ಬೆಟ್ಟದಲ್ಲಿಲ್ಲ. ಆವತ್ತೂ ಅವನು ಅಭ್ಯಾಸಬಲದಿಂದ ಮೊದಲ ಮೂಟೆಯನ್ನು ತೂಗಿ, ನೀರಿಗೆ ಇಷ್ಟು ಎಂದು ಕಳೆಯಲು ಹೋದ. ಎಂಜಿನಿಯರಮ್ಮ ಅವನ ಕೈ ಹಿಡಿದರು. ನೀರೇ ಬೇಕು, ಒಂದು ಗ್ರಾಮೂ ಬಿಡಬೇಡಿ ಎಂದರು.

ಮಾಮಿ ತಕ್ಕಡಿಯ ಪಕ್ಕ ನಿಂತಿದ್ದರು. ಮೂಟೆ ಏರಿತು, ಮುಳ್ಳು ನಿಂತಿತು, ಗುಮಾಸ್ತ ಪೂರ್ತಿ ತೂಕ ಬರೆದ. ಮಾಮಿ ಅದನ್ನು ನೋಡುತ್ತಲೇ ಇದ್ದರು.

"ಈ ವಯಸ್ಸುವರೆಗ ಎನ್ನ ಎಲೆಂದ ನೀರ ಕಳೆದ" ಎಂದರು, ಅವನಿಗೂ ಅಲ್ಲ, ನನಗೂ ಅಲ್ಲ. "ಇಂದುಗ ಎನ್ನ ನೀರ ಪೂರಾ ಬರೆದ."

ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಒಬ್ಬಾಕೆ ಓಡಿ ಹೋಗಿ ಬಟ್ಟೆಯನ್ನು ಇನ್ನೊಮ್ಮೆ ನೀರಿನಲ್ಲಿ ಅದ್ದಿ ತಂದಳು, ಹೆಚ್ಚು ತೂಗಲಿ ಎಂದು. ಸಿಂಗಾರ ಮಾಡುವ ಚಟ ನಮ್ಮವರಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಾಮಿ ಅವಳಿಂದ ಮೂಟೆ ಕಿತ್ತುಕೊಂಡು ತಾವೇ ಹಿಂಡಿದರು. ಒಣಗಿದ ಮೇಲೆ ಅದೇ ಬಟ್ಟೆಯನ್ನು ಮತ್ತೆ ತೂಗಿದರು, ಲೆಕ್ಕ ಸಿಕ್ಕಿತು.

ಕರಾರಿಗೆ ಒಂದು ಹೊಸ ಹಾಳೆ ಸೇರಿತು. ಖಾತರಿಯ ಅಂಕಿ ಸ್ವಲ್ಪ ಇಳಿಯಿತು, ಉಳಿತಾಯ ಸ್ವಲ್ಪ ಇಳಿಯಿತು, ಎರಡೂ ನಿಜದ್ದಾದವು. ಕೊಳವೆಗೆ ಮತ್ತೆ ಹತ್ತಿ ಸುತ್ತಿದರು, ನಡುವೆ ಒಂದಿಷ್ಟು ಜಾಗವನ್ನು ಬೇಕೆಂದೇ ಬಿಟ್ಟು. ಅದಕ್ಕೊಂದು ತಗಡಿನ ಮುಚ್ಚಳ, ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು. ಮುಚ್ಚಳ ತೆಗೆದು ಹಾಕುವ ಅಧಿಕಾರ ಒಬ್ಬರಿಗೇ. ಫ್ಯಾಕ್ಟರಿ ಈಗಲೂ ನಡೆಯುತ್ತಿದೆ, ಬೀಗದ ಮಾತು ಬಾವನ ಬಾಯಲ್ಲಿ ಬಂದು ಬಹಳ ದಿನವಾಯಿತು.

ಹೊಸ ಹಾಳೆಗೆ ಸಹಿಯಾದ ಸಂಜೆ ಮಾಮಿ ಅದನ್ನು ಓದಿಸಿಕೊಂಡರು. ಇಂಗ್ಲಿಷಿನಲ್ಲಿ ಓದಿ ಬಡಗದಲ್ಲಿ ಹೇಳಿದೆ. ಹಟ್ಟಿಯ ಬಟ್ಟೆ ಒಣಗಿಸುವ ಕೋಣೆ ಎನ್ನುವಲ್ಲಿ ಬೆರಳಿಟ್ಟು ತೋರಿಸು ಎಂದರು, ತೋರಿಸಿದೆ. ಹೊರಗೆ ಮಳೆ ಹಿಡಿದಿತ್ತು. ಅವರು ಕಿಟಕಿಯ ಹತ್ತಿರ ಕೂತಿದ್ದರು, ಮಂಡಿಯ ಮೇಲೆ ಕೋಣೆಯಿಂದ ಆಗಷ್ಟೇ ತಂದ ಬೆಚ್ಚಗಿನ ತುಂಡು.

"ಕರಾರು ಯಾವಾಗ ಮುಗಿವುದು?" ಎಂದು ಕೇಳಿದರು.

"ಇನ್ನೂ ಏಳು ವರ್ಷ, ಮಾಮಿ."

"ಆಮೇಲೆ ಕರು ಎಂಗಗ ತಾನೆ?"

"ನಮಗೇ. ಒಲೆ, ಫ್ಯಾನು, ಸೋಲಾರು, ಎಲ್ಲ."

ಅವರು ಬೆರಳು ಮಡಿಸುತ್ತ ತಮ್ಮ ವಯಸ್ಸಿಗೆ ಏಳನ್ನು ಕೂಡಿದರು. ಒಮ್ಮೆ ತಪ್ಪಿತು, ಮತ್ತೆ ಮೊದಲಿನಿಂದ ಕೂಡಿದರು. ಮೊತ್ತ ಬಂದಾಗ ಹುಬ್ಬು ಮೇಲೇರಿತು. ಈಗ 'ಸಾಕು' ಎನ್ನುತ್ತಾರೆ ಎಂದುಕೊಂಡೆ.

"ಜಾಸ್ತಿಯೇ ಆಪ್ಪುದು" ಎಂದರು. "ಆದರೂ ಇರೋಕು. ಕರು ನೋಡದೆ ಹೋಗೋಕ ಆಪ್ಪುದಾ?"

ಆಮೇಲೆ, ಅವರೆ ಉದಕ ಮಿಕ್ಕಿದೆಯಾ ಎಂದು ಕೇಳಿದರು.